ಅಂಗೈಗೆ ಮಾತ್ರ ಸಿಗುವ ತಗ್ಗು

ಕಳೆದ ಮಳೆಗಾಲ ಮುಗಿಯುತ್ತಿದ್ದ ಹಾಗೆ ನಮ್ಮೂರು ಹೆಗ್ಗರಣೆಯಿಂದ ತಂಗಿಯ ಮಗನ ಫೋನು ಬಂತು. ಮನೆಯ ಹಳೆಯ ಓಮ್ನಿಯ ಬಾಗಿಲಿನ ತಳಕ್ಕೆ ತುಕ್ಕು ಹಿಡಿದಿದೆಯಂತೆ, ಹಿಂಬದಿಯ ಮೂಲೆ ಅಂಗಳದ ಕಂಬಕ್ಕೆ ತಾಗಿ ನೆಗ್ಗಿದೆಯಂತೆ. ಎರಡನ್ನೂ ತಾನೇ ಸರಿಮಾಡುವ ಉಮೇದಿನಲ್ಲಿದ್ದ. "ಮಾವಾ, ಯಾವ ಪುಟ್ಟಿ ತಗಳವು? ಫೋನಲ್ಲಿ ನೋಡಿರೆ ಹತ್ತು ನಮೂನೆ ತೋರಿಸ್ತು. ಸುತ್ತಿಗೆ ಸೆಟ್ಟೂ ತಗಳವ?" ಎಂದು ಕೇಳಿದ. ನಾನು ಟಿಂಕರಿಂಗ್ ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು. ಆದರೂ ಉತ್ತರ ತಡವರಿಸದೆ ಬಂತು. ಯಾವ ಪುಟ್ಟಿ, ಎಷ್ಟು ಹಾರ್ಡನರ್, ಯಾವ ನಂಬರಿನ ಪೇಪರ್, ಯಾವ ಸುತ್ತಿಗೆ ಬೇಕು, ಯಾವುದು ಬೇಡ, ಎಲ್ಲವನ್ನೂ ಕಾಲು ಗಂಟೆಯಲ್ಲಿ ಹೇಳಿ ಮುಗಿಸಿದೆ. ಫೋನು ಇಟ್ಟ ಮೇಲೆ ಮನಸ್ಸು ಸುಮ್ಮನಿರಲಿಲ್ಲ. ಅವನಿಗೆ ಕಾಲು ಗಂಟೆಯಲ್ಲಿ ಸಿಕ್ಕಿದ್ದಕ್ಕೆ ನಾನು ಹರೆಯದ ಒಳ್ಳೆಯ ವರ್ಷಗಳನ್ನೇ ಕೊಟ್ಟಿದ್ದೆ.

1990ರ ದಶಕದ ಆರಂಭ ಅದು. ಎಸ್ಸೆಸ್ಸೆಲ್ಸಿ ಮುಗಿಸಿದ್ದೆ, ಮುಂದೆ ಓದುವ ತಲೆಯೂ ಇರಲಿಲ್ಲ, ಓದಿಸುವ ಗಂಟೂ ಇರಲಿಲ್ಲ. ಮನೆಯಲ್ಲಿದ್ದದ್ದು ಒಂದು ತುಂಡು ಅಡಿಕೆ ತೋಟ, ಅದನ್ನು ನೋಡಿಕೊಳ್ಳಲು ಅಣ್ಣನೇ ಸಾಕಿತ್ತು. ಪರಿಚಯದ ಜೀಪ್ ಡ್ರೈವರೊಬ್ಬರು ನನ್ನನ್ನು ಶಿರಸಿಯ ಒಂದು ಗ್ಯಾರೇಜಿಗೆ ಸೇರಿಸಿದರು. ಎಂಜಿನ್ ಕೆಲಸ ಕಲಿಯುವ ಆಸೆಯಿಂದ ಹೋದವನನ್ನು ಹಿಂಬದಿಯ ತಗಡಿನ ಶೆಡ್ಡಿಗೆ ಕಳಿಸಿದರು. ಅಲ್ಲಿ ಟಿಂಕರಿಂಗ್ ಮತ್ತು ಪೇಂಟಿಂಗ್ ನಡೆಯುತ್ತಿತ್ತು. ಅಲ್ಲಿಯ ಯಜಮಾನರು ಘಟ್ಟದ ಕೆಳಗಿನವರು, ಮುಂಬಯಿಯಲ್ಲಿ ಕೆಲಸ ಕಲಿತು ಬಂದವರು. ಗಿರಾಕಿಗಳೂ ನಾವೂ ಅವರನ್ನು ಕರೆಯುತ್ತಿದ್ದದ್ದು ಉಸ್ತಾದ್ ಎಂದೇ. ಶನಿವಾರ ರಾತ್ರಿಯ ಬಸ್ಸಿಗೆ ನಾನು ಊರಿಗೆ ಬಂದರೆ ಆಯಿ ಜಗಲಿಯಲ್ಲೇ ತಡೆಯುತ್ತಿದ್ದಳು. "ಆ ಅಂಗಿ ಹೊರ್ಗೇ ಇಡೋ ತಮಾ" ಎನ್ನುತ್ತಿದ್ದಳು. ಥಿನ್ನರ್ ವಾಸನೆ ಅವಳ ಮೂಗಿಗೆ ಬಡಿಯುತ್ತಿತ್ತು. ನನಗೆ ಅದು ವಾಸನೆ ಎಂಬುದೇ ಮರೆತುಹೋಗಿತ್ತು.

ನಮ್ಮ ಶೆಡ್ಡಿಗೆ ಬರುತ್ತಿದ್ದವು ಮಹೀಂದ್ರಾ ಜೀಪು, ಅಂಬಾಸಿಡರ್ ಟ್ಯಾಕ್ಸಿ, ಮೆಟಡೋರ್, ಅಪರೂಪಕ್ಕೆ ಒಂದು ಮಾರುತಿ 800. ಅಪಘಾತದ ಗಾಡಿಗಳಿಗಿಂತ ತುಕ್ಕಿನ ಗಾಡಿಗಳೇ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡದೆ ಹೊಯ್ಯುವ ಮಳೆ ಒಂದು ಕಾರಣ. ಗಾಲಿಯ ಗೂಡಿನೊಳಗೆ ಮೆತ್ತಿಕೊಂಡ ಕೆಮ್ಮಣ್ಣು ಇನ್ನೊಂದು. ಒಮ್ಮೆ ಒದ್ದೆಯಾದರೆ ಅದು ವಾರಗಟ್ಟಲೆ ಒಣಗುವುದಿಲ್ಲ. ಕಾರಿನ ಬಾಗಿಲಿನ ತಳದಲ್ಲಿ ನೀರಿಳಿಯಲೆಂದೇ ಬಿಟ್ಟ ಸಣ್ಣ ತೂತುಗಳಿರುತ್ತವೆ. ಅವು ಎಲೆ ಮಣ್ಣಿನಿಂದ ಕಟ್ಟಿಕೊಂಡರೆ ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಮೂರನೆಯದು ನಮ್ಮ ಸೀಮೆಗೇ ಸೇರಿದ್ದು, ಕೊಳೆರೋಗದ ಔಷಧಿ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 20ನೇ ಶತಮಾನದ ಆರಂಭದಲ್ಲಿ ಅಡಿಕೆಯ ಕೊಳೆಗೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತಕ್ಕೂ ಕಬ್ಬಿಣಕ್ಕೂ ಆಗಿಬರುವುದಿಲ್ಲ. ಸುಣ್ಣ ಕಡಿಮೆಯಾಗಿದೆಯೋ ನೋಡಲು ನಮ್ಮವರು ದ್ರಾವಣದಲ್ಲಿ ಕತ್ತಿ ಅದ್ದುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು. ಕತ್ತಿಗೆ ಕೂತದ್ದು ಕಾಣುತ್ತದೆ, ಜೀಪಿನ ಹಿಂಬದಿಯಲ್ಲಿ ಚೆಲ್ಲಿದ ಮೈಲುತುತ್ತದ ನೀರು ತಗಡನ್ನು ತಿನ್ನುವುದು ಕಾಣುವುದಿಲ್ಲ. ದೀಪಾವಳಿಯ ಹೊತ್ತಿಗೆ ಗಾಡಿಯ ನೆಲದಲ್ಲಿ ತೂತು ಬಿದ್ದು ರಸ್ತೆ ಕಂಡಾಗಲೇ ನಮ್ಮಲ್ಲಿಗೆ ಬರುತ್ತಿದ್ದರು.

ಹೊಸ ಹುಡುಗನಿಗೆ ಕೆಲಸವೆಂದರೆ ಚಹಾ ತರುವುದು, ಸೀಮೆಎಣ್ಣೆಯಲ್ಲಿ ಸಾಮಾನು ತೊಳೆಯುವುದು, ಹಳೆ ಬಣ್ಣ ಕೆರೆಯುವುದು, ಮತ್ತೆ ದಿನವಿಡೀ ನೀರು ಹಾಕಿಕೊಂಡು ಪೇಪರ್ ಉಜ್ಜುವುದು. ಬೆರಳ ತುದಿಯ ಗೆರೆಗಳು ಸವೆದು ನುಣ್ಣಗಾಗಿದ್ದವು. ಸುತ್ತಿಗೆ ಮುಟ್ಟುವಂತಿಲ್ಲ, ಪುಟ್ಟಿ ಕಲೆಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಏಕೆ ಎಂದು ಕೇಳುವಂತಿಲ್ಲ. "ನೋಡ್ತಾ ಇರು, ಬರ್ತದೆ" ಎಂಬುದೊಂದೇ ಪಾಠ. ಆದರೆ ನೋಡಲು ಬಿಡುತ್ತಿದ್ದದ್ದು ಬೇಕಾದದ್ದನ್ನಲ್ಲ. ಪುಟ್ಟಿಗೆ ಹಾರ್ಡನರ್ ಸೇರಿಸುವ ಹೊತ್ತಿಗೆ ಉಸ್ತಾದರು ನಮಗೆ ಬೆನ್ನು ಹಾಕಿ ಕೂರುತ್ತಿದ್ದರು.

ಆಗ ಪುಟ್ಟಿಯೆಂದರೆ ಹೆಚ್ಚಾಗಿ ಎನ್.ಸಿ. (ನೈಟ್ರೋಸೆಲ್ಯುಲೋಸ್) ಪುಟ್ಟಿ. ಡಬ್ಬಿ ತೆರೆದು ನೇರ ಹಚ್ಚುವಂಥದ್ದು. ಥಿನ್ನರ್ ಆರಿದಂತೆ ಒಣಗುತ್ತದೆ, ಒಣಗುತ್ತ ಕುಗ್ಗುತ್ತದೆ. ಪೇಪರಿನ ಗೀರು, ಸೂಜಿಮೊನೆಯಷ್ಟು ತೂತು ಮುಚ್ಚಲು ಅದು ಸಾಕು, ನೆಗ್ಗು ತುಂಬಲು ಸಾಲದು. ಎರಡು ಭಾಗದ ಪಾಲಿಯೆಸ್ಟರ್ ಪುಟ್ಟಿ ಹುಬ್ಬಳ್ಳಿಯಿಂದ ಬರುತ್ತಿತ್ತು. ಡಬ್ಬಿಯಲ್ಲಿರುವುದು ರಾಳ ಮತ್ತು ನುಣ್ಣನೆಯ ಟಾಲ್ಕ್ ಪುಡಿ. ಜೊತೆಯ ಸಣ್ಣ ಟ್ಯೂಬಿನಲ್ಲಿರುವುದು ಬೆಂಜಾಯ್ಲ್ ಪೆರಾಕ್ಸೈಡ್. ಅದು ಆರಿ ಒಣಗುವುದಲ್ಲ, ರಾಸಾಯನಿಕ ಕ್ರಿಯೆಯಿಂದ ಬಿಸಿಯೇರಿ ಗಟ್ಟಿಯಾಗುವುದು. ಹಾಗಾಗಿ ಅಷ್ಟಾಗಿ ಕುಗ್ಗುವುದಿಲ್ಲ, ಅರ್ಧ ಗಂಟೆಯೊಳಗೆ ಉಜ್ಜಲು ಬರುತ್ತದೆ. ಬೆನ್ನ ಹಿಂದೆ ಬಚ್ಚಿಟ್ಟ ಗುಟ್ಟು ಇಷ್ಟೇ: ತೂಕದಲ್ಲಿ ನೂರಕ್ಕೆ ಎರಡು ಪಾಲು ಹಾರ್ಡನರ್. ಕಡಿಮೆಯಾದರೆ ಪುಟ್ಟಿ ಮೆತ್ತಗೇ ಉಳಿದು ಪೇಪರಿಗೆ ಅಂಟುತ್ತದೆ. ಬೇಗ ಆಗಲೆಂದು ಜಾಸ್ತಿ ಹಾಕಿದರೆ ತೂತು ತೂತಾಗುತ್ತದೆ, ಮೇಲಿನ ಬಣ್ಣಕ್ಕೂ ಕಲೆ ಹತ್ತುತ್ತದೆ. ಕಲೆಸುವುದೂ ಅಷ್ಟೆ, ಗಾಳಿ ಸೇರುವ ಹಾಗೆ ತಿರುವಬಾರದು, ಹಲಸಿನ ಹಪ್ಪಳದ ಹಿಟ್ಟಿನ ಹಾಗೆ ಒತ್ತಿ ಮಡಚಿ ಒತ್ತಬೇಕು. ಇದೆಲ್ಲ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿಯೇ ಇತ್ತು ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಆದರೆ ಉಸ್ತಾದರ ಹತ್ತಿರ ಡಬ್ಬಿಯ ಮೇಲೆ ಅಚ್ಚಾಗದ ವಿದ್ಯೆಯೂ ಇತ್ತು. ಪುಟ್ಟಿ ಹಚ್ಚುವವನು ಟಿಂಕರನಲ್ಲ, ಪುಟ್ಟಿ ಬೇಡವಾಗಿಸುವವನು ಟಿಂಕರ ಎಂಬುದು ಅವರ ನಂಬಿಕೆ. ಅವರ ಸಲಕರಣೆಗಳು ಯಾವ ಅಂಗಡಿಯಲ್ಲೂ ಸಿಗುವಂಥವಲ್ಲ. ತಾಳಗುಪ್ಪದ ಕಡೆಯಿಂದ ಬಂತೆಂದು ಹೇಳುತ್ತಿದ್ದ ಮೀಟರ್ ಗೇಜ್ ಕಂಬಿಯ ತುಂಡೊಂದು ಅಡಿಗಲ್ಲು. ಅದರ ದುಂಡು ತಲೆ ಒಂದು ಬಾಗಿಗೆ, ಚಪ್ಪಟೆ ಪಾದ ಇನ್ನೊಂದಕ್ಕೆ. ಲಾರಿಯ ಕಮಾನು ಪಾಟಾವನ್ನು ಕಾಸಿ ಬಗ್ಗಿಸಿ ಮಾಡಿದ ಚಮಚವೊಂದಿತ್ತು, ಕೈ ಹೋಗದ ಸಂದಿಗೆ. ಒಂದು ಕೊಡತಿ, ಮುಖ ಕನ್ನಡಿಯಷ್ಟು ನುಣುಪಾದ ಎರಡು ಸುತ್ತಿಗೆ, ತಗಡಿನ ಹಿಂಬದಿಗೆ ಆನಿಸಿ ಹಿಡಿಯಲು ಮುಷ್ಟಿಯಲ್ಲಿ ಹಿಡಿಸುವ ಡಾಲಿಗಳು. ಪುಟ್ಟಿ ಎಳೆಯಲು ಸ್ಪ್ರಿಂಗ್ ತಗಡಿನ ಪಟ್ಟಿ. ಪೇಪರ್ ಸುತ್ತಿ ಉಜ್ಜಲು ಹವಾಯಿ ಚಪ್ಪಲಿಯ ಅಟ್ಟೆ, ಉದ್ದ ಬಾಗಿಲಿಗೆ ರೀಪಿನ ತುಂಡು. ಬರಿ ಬೆರಳಲ್ಲಿ ಪೇಪರ್ ಉಜ್ಜಿದವನಿಗೆ ತಲೆಯ ಮೇಲೊಂದು ಬೀಳುತ್ತಿತ್ತು. ಬೆರಳು ತಗ್ಗಿನೊಳಗೂ ಇಳಿಯುತ್ತದೆ, ಆಗ ತಗ್ಗು ತಗ್ಗಾಗಿಯೇ ಉಳಿಯುತ್ತದೆ.

ನೆಗ್ಗು ಬಿಡಿಸುವ ಅವರ ಕ್ರಮ ನೋಡುವಂಥದ್ದು. ಗಾಡಿ ಬಂದ ಕೂಡಲೆ ಸುತ್ತಿಗೆ ಎತ್ತುತ್ತಿರಲಿಲ್ಲ. ಬೀಡಿ ಹಚ್ಚಿಕೊಂಡು ಸುತ್ತು ಬಂದು, ಪೆಟ್ಟು ಎಲ್ಲಿಂದ ಶುರುವಾಗಿ ಎಲ್ಲಿಗೆ ಹೋಗಿ ನಿಂತಿದೆ ಎಂದು ಓದುತ್ತಿದ್ದರು. ಕೊನೆಗೆ ಆದ ಮಡಿಕೆಯನ್ನು ಮೊದಲು ಬಿಡಿಸಬೇಕು, ನಡುವಿನ ಆಳದ ಗುಂಡಿಗೆ ಮೊದಲೇ ಬಡಿದರೆ ತಗಡು ಹಿಗ್ಗುತ್ತದೆ. ಹಿಗ್ಗಿದ ತಗಡು ಒತ್ತಿದರೆ ಒಳಗೆ, ಬಿಟ್ಟರೆ ಹೊರಗೆ ಎಂದು ಟಕ್ಕೆನ್ನುತ್ತದೆ, ಅದರ ಮೇಲೆ ಯಾವ ಪುಟ್ಟಿಯೂ ನಿಲ್ಲುವುದಿಲ್ಲ. ಅಂಥದ್ದಕ್ಕೆ ನಾಣ್ಯದಗಲ ಜಾಗವನ್ನು ಗ್ಯಾಸಿನಲ್ಲಿ ಕೆಂಪಗೆ ಕಾಸಿ, ಸುತ್ತ ಮೆಲ್ಲಗೆ ಬಡಿದು, ಒದ್ದೆ ಬಟ್ಟೆ ಒತ್ತುತ್ತಿದ್ದರು. ಚುಂಯ್ ಎಂದು ತಗಡು ತನ್ನ ಅಳತೆಗೆ ಮರಳುತ್ತಿತ್ತು. ಡಾಲಿಯನ್ನು ಪೆಟ್ಟಿನ ಅಡಿಗೇ ಹಿಡಿದರೆ ತಗಡು ತೆಳುವಾಗಿ ಹರಡುತ್ತದೆ, ಪೆಟ್ಟಿನ ಪಕ್ಕಕ್ಕೆ ಹಿಡಿದರೆ ತಗ್ಗು ಮೇಲೇಳುತ್ತದೆ. ಈ ವ್ಯತ್ಯಾಸವನ್ನು ಕಿವಿಯಿಂದಲೇ ಹೇಳಬಹುದಿತ್ತು. ತಗಡು ಎರಡು-ಮೂರು ಮಿಲಿಮೀಟರಿನೊಳಗೆ ಸಮಕ್ಕೆ ಬಂದ ಮೇಲಷ್ಟೇ ಪುಟ್ಟಿಯ ಡಬ್ಬಿ ತೆರೆಯುತ್ತಿದ್ದರು. ಅವರ ಉಸ್ತಾದರ ಕಾಲದಲ್ಲಿ ಮುಂಬಯಿಯಲ್ಲಿ ಅದೂ ಇರಲಿಲ್ಲವಂತೆ. ಸೀಸ-ತವರದ ಕಡ್ಡಿಯನ್ನು ಬೆಂಕಿಯಲ್ಲಿ ಮೆದು ಮಾಡಿ ಮರದ ಸಟ್ಟುಗದಿಂದ ತಗಡಿನ ಮೇಲೆ ಸವರುತ್ತಿದ್ದರಂತೆ.

ಅವರು ಬಾಯಿಬಿಟ್ಟು ಕಲಿಸಿದ ಒಂದೇ ಪಾಠ ನೆನಪಿದೆ. ಅಂಬಾಸಿಡರಿನ ಮಡ್‌ಗಾರ್ಡ್ ಮುಗಿದು ಪ್ರೈಮರ್ ಹೊಡೆದು ನಿಂತಿತ್ತು. ನನ್ನನ್ನು ಕರೆದು, ಕೈಗೊಂದು ತೆಳು ಹತ್ತಿ ಬಟ್ಟೆ ಕೊಟ್ಟು, "ತಮಾ, ಕಣ್ಣು ಮುಚ್ಚು. ಬಟ್ಟೆ ಮೇಲೆ ಅಂಗೈ ಇಟ್ಟು ಉದ್ದಕ್ಕೆ ಎಳಿ. ತಗ್ಗು ಎಲ್ಲಿ ಹೇಳು" ಎಂದರು. ಎಳೆದೆ. ಏನೂ ಸಿಗಲಿಲ್ಲ. "ಬೆರಳಲ್ಲಿ ಹುಡುಕ್ಬೇಡ, ಅಂಗೈ ಬುಡದಲ್ಲಿ ಹುಡುಕು" ಎಂದರು. ನಿಧಾನಕ್ಕೆ, ಹೆಡ್‌ಲೈಟಿನ ಹಿಂದೆ ಒಂದು ಕಡೆ, ಅಂಗೈ ಇಷ್ಟೇ ಇಳಿದು ಎದ್ದ ಹಾಗಾಯಿತು. ಕಣ್ಣು ಬಿಟ್ಟರೆ ಅಲ್ಲಿ ಏನೂ ಕಾಣುವುದಿಲ್ಲ. ಮಂಕು ಪ್ರೈಮರಿನ ಮೇಲೆ ಕಣ್ಣು ಕುರುಡು. ಮೇಲೆ ಹೊಳೆಯುವ ಬಣ್ಣ ಬಿದ್ದಾಗ ಮಾತ್ರ ಆ ತಗ್ಗು ಟ್ಯೂಬ್‌ಲೈಟಿನ ಬಿಂಬವನ್ನು ಸೊಟ್ಟ ಮಾಡಿ ತೋರಿಸುತ್ತದೆ, ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಕರಿ ಬಣ್ಣವನ್ನು ತೆಳ್ಳಗೆ ಊದಿ ಉಜ್ಜಿದರೆ ತಗ್ಗಿನಲ್ಲಿ ಕರಿ ಉಳಿಯುತ್ತದೆ ಎಂಬ ಉಪಾಯವೂ ಇದೆ. ಆದರೆ ಮೊದಲು ಅಂಗೈ. ಆ ದಿನ ನನಗಾದ ಸಂತೋಷ, ಅದಕ್ಕೂ ಹಿಂದೆ ಶಾಲೆಯಲ್ಲಿ ಎಂದೂ ಆಗಿರಲಿಲ್ಲ.

ಈ ನೆನಪಿನ ಬಲದ ಮೇಲೆ ನಾನು ಬಹುಕಾಲ ಆ ಶೆಡ್ಡನ್ನು ಗುರುಕುಲವೆಂದೇ ಹೇಳಿಕೊಂಡು ತಿರುಗಿದೆ. ಈಗಿನ ಹುಡುಗರಿಗೆ ತಾಳ್ಮೆ ಇಲ್ಲ, ನಾವು ಕಷ್ಟಪಟ್ಟು ಕಲಿತೆವು ಎಂಬ ರಾಗ ನನ್ನದೂ ಆಗಿತ್ತು. ಈಗ ಹಾಗೆ ಹೇಳಲು ನಾಲಿಗೆ ಏಳುವುದಿಲ್ಲ. ಆ ನಿಧಾನದಲ್ಲಿ ಪಾಠಕ್ಕಿಂತ ಸಂಬಳವಿಲ್ಲದ ದುಡಿತವೇ ಹೆಚ್ಚಿತ್ತು. ಹುಡುಗ ಬೇಗ ಕಲಿತರೆ ಬೇಗ ಬೇರೆ ಶೆಡ್ಡು ಹಾಕುತ್ತಾನೆ. ಕಲಿಸದೆ ಇಟ್ಟುಕೊಂಡರೆ ಪೇಪರ್ ಉಜ್ಜಲು ಎರಡು ಕೈ ಪುಕ್ಕಟೆ. ಉಸ್ತಾದರೂ ಹಾಗೆಯೇ ಕಲಿತವರು, ತಾವು ಪಟ್ಟದ್ದನ್ನೇ ನಮಗೆ ದಾಟಿಸಿದರು.

ಕೆಲಸದಲ್ಲೂ ಎಲ್ಲವೂ ಅಚ್ಚುಕಟ್ಟಾಗಿರಲಿಲ್ಲ. ತಮ್ಮ ಮನಸ್ಸಿಗೆ ಬಂದ ಗಾಡಿಗೆ ಉಸ್ತಾದರು ತೋರುತ್ತಿದ್ದ ಶ್ರದ್ಧೆ ಬೇರೆ, ಮಾರಾಟಕ್ಕೆ ಅಥವಾ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಬಂದ ಗಾಡಿಯ ಕೆಲಸ ಬೇರೆ. ಆಯುಧಪೂಜೆಯ ಹಿಂದಿನ ವಾರಗಳಲ್ಲಂತೂ ಕೇಳುವುದೇ ಬೇಡ. ಕೊಳೆತ ತಗಡು ಕತ್ತರಿಸಿ ಹೊಸ ತುಂಡು ಬೆಸೆಯಬೇಕಾದ ಕಡೆ ಗೋಣಿ ಚೂರು ತುರುಕಿ, ಎಂ-ಸೀಲ್ ಮೆತ್ತಿ, ಮೇಲೆ ಬೆರಳು ದಪ್ಪ ಪುಟ್ಟಿ ಎಳೆದು, ಬಣ್ಣ ಹೊಡೆದು ಕಳಿಸುತ್ತಿದ್ದರು. ಅನುಭವಸ್ಥ ದಲ್ಲಾಳಿಗಳು ಇದಕ್ಕೆಂದೇ ಹಳೆ ಸ್ಪೀಕರಿನ ಆಯಸ್ಕಾಂತ ಕಿಸೆಯಲ್ಲಿಟ್ಟುಕೊಂಡು ಬರುತ್ತಿದ್ದರು. ಅಂಟದ ಕಡೆ ತಗಡಿಲ್ಲ, ಪುಟ್ಟಿಯಿದೆ. ಆಯಸ್ಕಾಂತದ ವಿಷಯ ತಿಳಿಯದ ನಮ್ಮೂರ ಕಡೆಯ ರೈತ, ಕೊನೆ ಕೊಯ್ಲಿನ ದುಡ್ಡು ಕೊಟ್ಟು ಅಂಥ ಜೀಪನ್ನು ಮನೆಗೆ ಒಯ್ಯುತ್ತಿದ್ದ.

ಪ್ರಾಮಾಣಿಕವಾಗಿ ಮಾಡಿದ ಕೆಲಸವೂ ಕೆಲವು ಸಲ ಒಂದೇ ಮಳೆಗಾಲಕ್ಕೆ ಗುಳ್ಳೆ ಏಳುತ್ತಿತ್ತು. "ಮಲೆನಾಡ ಮಳೆ, ಏನ್ ಮಾಡೂದು" ಎಂದು ಮಳೆಯ ಮೇಲೆ ಹೊರಿಸುತ್ತಿದ್ದರು. ನಿಜವಾದ ಕಾರಣ ನಮ್ಮ ಬಾಲ್ದಿಯಲ್ಲಿತ್ತು. ಪಾಲಿಯೆಸ್ಟರ್ ಪುಟ್ಟಿಯೊಳಗಿನ ಟಾಲ್ಕ್ ನೀರು ಕುಡಿಯುತ್ತದೆ. ಅದನ್ನು ನೀರು ಹಾಕಿ ಉಜ್ಜಿದರೆ, ಇಲ್ಲವೇ ಪ್ರೈಮರ್ ಹೊಡೆಯದೆ ಜಡಿಮಳೆಯ ತಂಪಿನಲ್ಲಿ ಬಿಟ್ಟರೆ, ನೀರು ಒಳಗಿಳಿದು ತಗಡಿನ ಬುಡದಲ್ಲಿ ತುಕ್ಕು ಶುರುವಾಗುತ್ತದೆ. ಬಣ್ಣ ಹೊರಗಿನಿಂದ ಮುಚ್ಚಿದ ಮೇಲೆ ಆ ನೀರಿಗೆ ಹೋಗಲು ದಾರಿಯಿಲ್ಲ. ಪಾಲಿಯೆಸ್ಟರ್ ಪುಟ್ಟಿಯನ್ನು ನೀರು ಹಾಕದೆಯೇ ಉಜ್ಜಬೇಕು; ನೀರೇನಿದ್ದರೂ ಪ್ರೈಮರ್ ಆದ ಮೇಲೆ. ಇದನ್ನು ನಮಗೆ ಹೇಳುವವರಿರಲಿಲ್ಲ, ಉಸ್ತಾದರಿಗೂ ಹೇಳಿದವರಿರಲಿಲ್ಲ. ಗುಟ್ಟು ಕಾಯುವ ಕಸುಬಿನಲ್ಲಿ ತಪ್ಪು ಕೂಡ ಗುಟ್ಟಾಗಿಯೇ ತಲೆಮಾರು ದಾಟುತ್ತದೆ, ತಿದ್ದುವವರು ಸಿಗುವುದಿಲ್ಲ.

ನೀರಿನಿಂದ ಒಂದು ಉಪಕಾರವಿತ್ತು: ಧೂಳು ಏಳುತ್ತಿರಲಿಲ್ಲ. ಹಳೆ ಬಣ್ಣ ಕೆರೆಯುವಾಗ ಮಾತ್ರ ಶೆಡ್ಡು ತುಂಬ ಹುಡಿ. ಆ ಕಾಲದ ಹಳದಿ, ಕೇಸರಿ ಬಣ್ಣಗಳಲ್ಲಿ ಸೀಸದ ಕ್ರೋಮೇಟ್ ಇರುತ್ತಿತ್ತು. ಪುಟ್ಟಿಯ ರಾಳದಲ್ಲಿ ಸ್ಟೈರೀನ್. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2018ರಲ್ಲಿ ಅದನ್ನು ಬಹುಶಃ ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿತು. ಮುಂದೆ ಬಂದ ಎರಡು ಭಾಗದ ಪಿಯು (ಪಾಲಿಯುರೆಥೇನ್) ಬಣ್ಣದ ಹಾರ್ಡನರಿನಲ್ಲಿ ಐಸೋಸಯನೇಟ್. ಅದರ ಮಂಜು ಉಸಿರಾಟಕ್ಕೆ ಸಿಕ್ಕರೆ ಅಸ್ತಮಾ ಕಟ್ಟಿಟ್ಟದ್ದು ಎನ್ನುವಷ್ಟು ಅಪಾಯ. ನಮ್ಮ ರಕ್ಷಣೆಗೆ ಇದ್ದದ್ದು ಮೂಗಿಗೆ ಕಟ್ಟಿದ ಕರವಸ್ತ್ರ, ಸಂಜೆಗೆ ಒಂದು ಉಂಡೆ ಬೆಲ್ಲ. ಬೆಲ್ಲ ಧೂಳನ್ನು ಇಳಿಸುತ್ತದೆ ಎಂದು ಎಲ್ಲರೂ ನಂಬಿದ್ದೆವು. ಉಸ್ತಾದರು ಕೊನೆಯ ವರ್ಷಗಳಲ್ಲಿ ಗ್ಯಾರೇಜಿನ ಮೆಟ್ಟಿಲು ಹತ್ತಲೂ ನಿಂತು ನಿಂತು ಹತ್ತುತ್ತಿದ್ದರು. ಅದಕ್ಕೆ ಬೀಡಿ ಎಷ್ಟು ಕಾರಣ, ಬಣ್ಣ ಎಷ್ಟು ಕಾರಣ ಎಂದು ವಿಂಗಡಿಸಿದವರಿಲ್ಲ. ನಾನು ಕಸುಬು ಬಿಟ್ಟು ಬಿಡಿಭಾಗದ ಅಂಗಡಿಯ ಲೆಕ್ಕ ಬರೆಯಲು ಹೋದದ್ದು ಅವರ ಆ ಉಸಿರನ್ನು ಕೇಳಿದ ಮೇಲೆ.

ಈಗ ಕಸುಬಿನ ಸ್ವರೂಪವೇ ಬದಲಾಗಿದೆ. ಉಂಚಳ್ಳಿ ಜಲಪಾತಕ್ಕೆ ಹೋಗುವ ದಾರಿ ಹೆಗ್ಗರಣೆಯ ಮೇಲೇ ಹಾಯುತ್ತದೆ. ನಾನು ಹುಡುಗನಾಗಿದ್ದಾಗ ಆ ದಾರಿಯಲ್ಲಿ ಜೀಪು ಬಂದರೆ ಮನೆಯಿಂದ ಹೊರಗೆ ಬಂದು ನೋಡುತ್ತಿದ್ದೆವು. ಈಗ ರಜೆಯ ದಿನಗಳಲ್ಲಿ ಬೆಂಗಳೂರು, ಹುಬ್ಬಳ್ಳಿಯ ಕಾರುಗಳ ಸಾಲು. ಕಿರಿದಾದ ತಿರುವಿನಲ್ಲಿ ಒಂದಕ್ಕೊಂದು ಸವರಿಕೊಂಡರೂ ಯಾರೂ ಟಿಂಕರನನ್ನು ಹುಡುಕುವುದಿಲ್ಲ. ವಿಮೆಯಿದೆ, ಕಂಪನಿಯ ಸರ್ವಿಸ್ ಸೆಂಟರ್ ಇದೆ, ನೆಗ್ಗಿದ ಬಾಗಿಲನ್ನೇ ಬಿಚ್ಚಿ ಹೊಸದು ಹಾಕುತ್ತಾರೆ. ಬಂಪರ್ ಪ್ಲಾಸ್ಟಿಕ್ಕಿನದು; ಬಾಗುವ ಅದರ ಮೇಲೆ ಸಾದಾ ಪುಟ್ಟಿ ಬಿರುಕು ಬಿಡುತ್ತದೆ, ಅದಕ್ಕೆ ಬೇರೆಯೇ ಪ್ರೈಮರ್, ಬೇರೆಯೇ ಪುಟ್ಟಿ. ತಗಡೂ ಮೊದಲಿನದ್ದಲ್ಲ. ಅಂಬಾಸಿಡರಿನ ದಪ್ಪ ಮೈ ಎಷ್ಟು ಬಡಿದರೂ ತಡೆಯುತ್ತಿತ್ತು, ಈಗಿನ ಬಾಗಿಲಿನ ಹೊರತಗಡು ಒಂದು ಮಿಲಿಮೀಟರೂ ದಪ್ಪವಿಲ್ಲ. ಗಟ್ಟಿ ಉಕ್ಕಿನ ಕೆಲವು ಭಾಗಗಳನ್ನು ಕಾಸಿದರೆ ಬಲವೇ ಹೋಗುತ್ತದೆ. ಉಸ್ತಾದರ ಕೈಚಳಕದ ಅರ್ಧ ಇಲ್ಲಿ ಕೆಲಸಕ್ಕೆ ಬಾರದು. 2014ರಲ್ಲಿ ಅಂಬಾಸಿಡರ್, ಮಾರುತಿ 800 ಎರಡರ ತಯಾರಿಕೆಯೂ ನಿಂತಾಗ ನಾನು ನೊಂದುಕೊಂಡದ್ದು ಕಾರಿಗಾಗಿ ಅಲ್ಲ, ಆ ಕಾರುಗಳ ಮೇಲೆ ಬದುಕಿದ್ದ ಕೈಗಳಿಗಾಗಿ.

ಓಮ್ನಿಯಂಥ ಹಳೆಯ ಗಾಡಿಗಳು ಮಾತ್ರ ನಮ್ಮ ಸೀಮೆಯಲ್ಲಿ ಇನ್ನೂ ಉಳಿದಿವೆ, ಗೊಬ್ಬರ, ಅಡಿಕೆ, ನೆಂಟರು ಎಲ್ಲವನ್ನೂ ಹೊತ್ತುಕೊಂಡು. ಅವನ್ನು ರಿಪೇರಿ ಮಾಡಿಕೊಳ್ಳುವವರು ಮನೆಯವರೇ. ಅಂಥವರಿಗೆ ಹೇಳಬೇಕಾದದ್ದು ಕಷ್ಟದ್ದೇನಲ್ಲ. ಮೊದಲು ಕೊಳ್ಳಬೇಕಾದದ್ದು ಪುಟ್ಟಿಯಲ್ಲ, ಧೂಳು ಮತ್ತು ಆವಿ ಎರಡನ್ನೂ ತಡೆಯುವ ಫಿಲ್ಟರಿನ ಮಾಸ್ಕ್. ತುಕ್ಕು ಬಿಳಿ ತಗಡು ಕಾಣುವ ತನಕ ಹೋಗಬೇಕು. ತೂತಾಗಿದ್ದರೆ ಹೊಸ ತಗಡು ಬೆಸೆಯಿಸಬೇಕು, ಪುಟ್ಟಿ ತೂತು ಮುಚ್ಚುವ ಸಾಮಾನಲ್ಲ. ಬೆಸುಗೆಯ ಗೆರೆಯ ಮೇಲೆ ಗಾಜಿನ ನಾರು ಸೇರಿದ ಪುಟ್ಟಿ, ಅದು ನೀರು ಹೀರುವುದಿಲ್ಲ. ಅದರ ಮೇಲೆ ತೆಳ್ಳಗೆ ಸಾದಾ ಪಾಲಿಯೆಸ್ಟರ್ ಪುಟ್ಟಿ. ಎನ್.ಸಿ. ಪುಟ್ಟಿ ಕೊನೆಯ ಗೀರುಗಳಿಗಷ್ಟೇ. ಮೂವತ್ತು ಸಾಮಾನಿನ ಸೆಟ್ಟು ಬೇಡ. ಚಪ್ಪಟೆ ಮುಖದ ಒಂದು ಸುತ್ತಿಗೆ, ಒಂದು ಕೊಡತಿ, ಒಂದು ಡಾಲಿ, ಎರಡಳತೆಯ ಸ್ಪ್ರೆಡರ್, ಪೇಪರ್ ಹಿಡಿಯುವ ಉದ್ದ ಹಲಗೆ ಸಾಕು. ಪೇಪರ್ 80ರಿಂದ ಶುರುಮಾಡಿ 180, 320 ಎಂದು ನುಣುಪಿನ ಕಡೆಗೆ ಹೋಗಬೇಕು, ನಡುವಿನದನ್ನು ಹಾರಿಸಿದರೆ ಮೊದಲಿನ ಗೀರು ಬಣ್ಣದಡಿ ಉಳಿಯುತ್ತದೆ. ಮಳೆ ಬಿಟ್ಟ ಮೇಲೆ, ಬಿಸಿಲು ಕಂಡ ದಿನ ಕೆಲಸ. ಪುಟ್ಟಿ ಉಜ್ಜಿದ ದಿನವೇ ಪ್ರೈಮರ್. ಬಾಗಿಲಿನ ತಳದ ನೀರಿನ ತೂತು ಬಿಡಿಸಿ ಒಳಗೆ ಮೇಣ ಊದಿದರೆ ಇಷ್ಟೆಲ್ಲ ಮಾಡಿದ್ದು ನಿಲ್ಲುತ್ತದೆ.

ಇದಿಷ್ಟನ್ನೂ ಹೇಳಬಹುದು, ಬರೆಯಬಹುದು, ವಿಡಿಯೋದಲ್ಲಿ ತೋರಿಸಬಹುದು. ಹೇಳಲಾಗದ್ದು ಅಂಗೈಯದೊಂದೇ. ಅದೂ ಗುಟ್ಟಲ್ಲ, ಹುಡುಗನ ಕೈಗೆ ಬಟ್ಟೆ ಕೊಟ್ಟು ಅಂಗೈ ಬುಡದಲ್ಲಿ ಹುಡುಕು ಎನ್ನಲು ಉಸ್ತಾದರಿಗೆ ಹಿಡಿದದ್ದು ಒಂದು ನಿಮಿಷ. ಉಳಿದದ್ದು ನನ್ನ ಅಭ್ಯಾಸ. ಆ ಒಂದು ನಿಮಿಷವನ್ನು ಅವರು ನಾನು ಸೇರಿದ ಮೊದಲ ವಾರದಲ್ಲೇ ಕೊಡಬಹುದಿತ್ತು. ತಗಡಿನ ಮೇಲೆ ಅಂಥ ಕೈಯನ್ನು ನಾನು ಮತ್ತೆ ನೋಡಿಲ್ಲ, ಅಂಥ ಶೆಡ್ಡಿಗೆ ನನ್ನ ಮನೆಯ ಯಾವ ಹುಡುಗನನ್ನೂ ಕಳಿಸಲಾರೆ. ಕಲಿಸಿದರೆ ಗಿರಾಕಿ ಹಂಚಿಹೋಗುತ್ತಾರೆ ಎಂದು ಅವರು ಹೆದರಿದರು. ಹೆದರುವ ಅಗತ್ಯವಿರಲಿಲ್ಲ, ಇಷ್ಟು ಮಳೆ ಬೀಳುವ ನಾಡಿನಲ್ಲಿ ತುಕ್ಕಿಗೆ ಎಂದೂ ಬರ ಬಂದದ್ದಿಲ್ಲ.